ಅಮ್ಮನ ಮಂಡಿನೋವಿಗೆ ಥಾರ್

ಶೋಕಿಗೆಂದು ಕಾರು ಕೊಂಡವರು ನಮ್ಮಲ್ಲಿ ಯಾರೂ ಸಿಗುವುದಿಲ್ಲ. ಕೇಳಿ ನೋಡಿ, ಎಲ್ಲರಿಗೂ ಅದು ಅನಿವಾರ್ಯವೇ ಆಗಿತ್ತು. ಮಕ್ಕಳನ್ನು ಸ್ಕೂಲಿಗೆ ಬಿಡಬೇಕು, ಮಳೆಗಾಲದಲ್ಲಿ ಬೈಕ್ ಕಷ್ಟ, ಹಬ್ಬಕ್ಕೆ ಊರಿಗೆ ಹೋಗೋಣವೆಂದರೆ ಬಸ್ಸಿನಲ್ಲಿ ಸೀಟಿಲ್ಲ, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ನನ್ನ ಪರಿಚಯದ ಹುಡುಗನೊಬ್ಬ ಈ ಕೊನೆಯ ಕಾರಣ ಹಿಡಿದುಕೊಂಡು ಮೂರು ಬಾಗಿಲಿನ ಥಾರ್ ತೆಗೆದುಕೊಳ್ಳಲು ಹೊರಟಿದ್ದ. ಅಮ್ಮನಿಗೆ ಎರಡೂ ಮಂಡಿ ನೋವು. ಆ ಗಾಡಿಯ ಹಿಂದಿನ ಸೀಟಿಗೆ ಹೋಗಬೇಕೆಂದರೆ ಮುಂದಿನ ಸೀಟು ಮಡಚಿ, ಒಂದು ಕಾಲು ಮೇಲಿಟ್ಟು, ತಲೆ ತಗ್ಗಿಸಿ, ಹೆಚ್ಚುಕಡಿಮೆ ಅಟ್ಟ ಹತ್ತಿದ ಹಾಗೆ ಹತ್ತಬೇಕು. ಮುಂದಿನ ಸೀಟಾದರೂ ನೆಲದಿಂದ ಎತ್ತರವೇ. ಶೋರೂಮಿನಲ್ಲಿ ಅವರು ಒಂದು ಸಲ ಹತ್ತಿ ಕೂತು, ಇಳಿಯುವಾಗ ಮಗನ ಹೆಗಲು ಹಿಡಿದುಕೊಂಡು, ‘ನಂಗೆ ಆಟೋನೇ ಸಾಕು ಕಣೋ’ ಅಂದರಂತೆ.

ಅವನಿಗೆ ಬೇಕಿದ್ದದ್ದು ಬೇರೆಯೇ. ಶನಿವಾರ ನಸುಕಿನಲ್ಲೇ ಬೆಂಗಳೂರು ಬಿಡಬೇಕು, ಹಾಸನ ದಾಟಿ ಬೇಲೂರು, ಮೂಡಿಗೆರೆ ಮೇಲೆ ಕೊಟ್ಟಿಗೆಹಾರ ತಲುಪಬೇಕು, ಅಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯಬೇಕು. ಅದರಲ್ಲಿ ತಪ್ಪೇನಿದೆ? ಕ್ರಿಕೆಟ್ ಟಿಕೆಟ್ಟು, ತಂಗಿಯ ಮದುವೆಗೆ ಕೊಂಡ ರೇಷ್ಮೆ ಸೀರೆ, ಮಾಲ್‌ನಲ್ಲಿ ನೋಡುವ ಸಿನಿಮಾ, ಎಲ್ಲವೂ ಸುಖದ ಖರ್ಚುಗಳೇ. ಕಾರಿನ ವಿಷಯ ಬಂದಾಗ ಮಾತ್ರ ನಾವು ಸುಖವನ್ನು ಅಗತ್ಯದ ಖಾತೆಯಲ್ಲಿ ಬರೆದುಕೊಳ್ಳುತ್ತೇವೆ. ಬರೆದುಕೊಂಡ ಮೇಲೆ ಖರ್ಚಿಗೆ ಹಿಡಿತ ಇರುವುದಿಲ್ಲ. ಅಗತ್ಯ ಅಂದಮೇಲೆ ಸಾಲ ಮಾಡಬಹುದು, ಅಪ್ಪನ ಎಫ್‌ಡಿ ಮುರಿಸಬಹುದು, ಏಳು ವರ್ಷ ಕಂತು ಕಟ್ಟಬಹುದು. ಅದೇ ‘ಇದು ನನ್ನ ಶೋಕಿ’ ಎಂದು ಬಾಯಿಬಿಟ್ಟು ಹೇಳಿದರೆ ಮುಂದಿನ ಪ್ರಶ್ನೆ ತಾನಾಗಿಯೇ ಬರುತ್ತದೆ: ಶೋಕಿಗೆ ಅಂತ ನನ್ನ ಹತ್ತಿರ ಎಷ್ಟು ದುಡ್ಡಿದೆ? ಕೈ ಬಿಗಿ ಇರುವವನ ತೀರ್ಮಾನವೆಲ್ಲ ಈ ಒಂದು ಪ್ರಶ್ನೆಗೆ ಬಂದು ನಿಲ್ಲಬೇಕು ಎನ್ನುವುದು ನನ್ನ ವಾದ.

ಹುಡುಗನ ಲೆಕ್ಕಕ್ಕೆ ಬರೋಣ. ಕೈಗೆ ಬರುವ ಸಂಬಳ 70 ಸಾವಿರ. ಡೌನ್ ಪೇಮೆಂಟಿಗೆಂದು ಕೂಡಿಟ್ಟದ್ದು 3 ಲಕ್ಷ. ಸುಲಭವಾಗಲೆಂದು ಗಾಡಿಯ ಎಕ್ಸ್-ಶೋರೂಂ ಬೆಲೆ 12 ಲಕ್ಷ ಅಂದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿ, ನಾಲ್ಕು ಮೀಟರಿನೊಳಗಿನ ಸಣ್ಣ ಎಂಜಿನ್ ಕಾರುಗಳು ಶೇ 18ಕ್ಕೆ ಇಳಿದವು, ಉಳಿದ ಪೆಟ್ರೋಲ್, ಡೀಸೆಲ್ ಕಾರುಗಳು ಶೇ 40ಕ್ಕೆ ಹೋದವು. ಥಾರ್‌ನಲ್ಲೇ 1.5 ಲೀಟರ್ ಡೀಸೆಲ್ ಎಂಜಿನ್ನಿನದು 18ರ ಪಟ್ಟಿಯಲ್ಲಿದೆ, 2 ಲೀಟರ್ ಪೆಟ್ರೋಲಿನದು 40ರ ಪಟ್ಟಿಯಲ್ಲಿದೆ. ಮಜಾ ಕೊಡುವ ಎಂಜಿನ್ನು ಯಾವುದು ಎಂಬುದು ಸರ್ಕಾರಕ್ಕೂ ಗೊತ್ತಿರುವಂತಿದೆ.

ಬೆಲೆ ಇಳಿದಿದೆ ಎಂದು ಶೋರೂಮಿಗೆ ಹೋದವರಿಗೆ ಕೊಟೇಶನ್ ಹಾಳೆಯ ಎರಡನೇ ಸಾಲಿನಲ್ಲಿ ನಮ್ಮ ರಾಜ್ಯ ಕಾಣಿಸಿಕೊಳ್ಳುತ್ತದೆ. ಜೀವಿತಾವಧಿ ತೆರಿಗೆ ಹಾಕುವುದರಲ್ಲಿ ಕರ್ನಾಟಕದ್ದು ದೇಶದಲ್ಲೇ ಮುಂದಿನ ಸಾಲು. ಕಾರಿನ ಬೆಲೆ 10 ಲಕ್ಷ ದಾಟಿದರೆ ಶೇ 17, ಅದರ ಮೇಲೆ ಸೆಸ್. ಎಲ್ಲ ಸೇರಿ ಹತ್ತಿರಹತ್ತಿರ ಶೇ 19. 12 ಲಕ್ಷದ ಗಾಡಿಗೆ ಅದೊಂದೇ 2 ಲಕ್ಷ 26 ಸಾವಿರ. ವಿಮೆ, ಚಿಲ್ಲರೆ ಸೇರಿ ರಸ್ತೆಗಿಳಿಯುವಾಗ 14 ಲಕ್ಷ 80 ಸಾವಿರ ಆಯಿತು. ಇವನ 3 ಲಕ್ಷ ಕಳೆದರೆ ಸಾಲ 11 ಲಕ್ಷ 80 ಸಾವಿರ. ಶೇ 9ರ ಬಡ್ಡಿಗೆ ಏಳು ವರ್ಷಕ್ಕೆ ತೆಗೆದರೆ ತಿಂಗಳಿಗೆ 19 ಸಾವಿರದ ಆಸುಪಾಸು ಕಂತು, ಕೊನೆಗೆ ಬಡ್ಡಿಯೇ 4 ಲಕ್ಷ ದಾಟುತ್ತದೆ. ಡೀಸೆಲ್ಲು, ಸರ್ವಿಸ್ಸು, ಟೋಲು ಸೇರಿಸಿದರೆ ಸಂಬಳದ ಮೂರನೇ ಒಂದು ಪಾಲು ಗಾಡಿಯ ಹೆಸರಿಗೆ ಹೋಯಿತು. ಮಾರುವವರು ಮಾತ್ರ ‘ಸರ್, ದಿನಕ್ಕೆ ಆರುನೂರು ಚಿಲ್ಲರೆ ಅಷ್ಟೇ’ ಅನ್ನುತ್ತಾರೆ.

ಇದಕ್ಕಿಂತ ಕಡಿಮೆ ಜನ ಗಮನಿಸುವ ಇನ್ನೊಂದು ಲೆಕ್ಕವಿದೆ. ವಿಮೆಯಲ್ಲಿ ಐಡಿವಿ ಎಂದು ಬರೆದಿರುತ್ತಾರಲ್ಲ, ಗಾಡಿ ಪೂರ್ತಿ ನಜ್ಜುಗುಜ್ಜಾದರೆ ಅಥವಾ ಕಳುವಾದರೆ ಕೈಗೆ ಬರುವ ಮೊತ್ತ ಅದು. ತೆರಿಗೆ, ವಿಮೆಗೆ ಕೊಟ್ಟ ದುಡ್ಡು ಅದರಲ್ಲಿ ಸೇರುವುದಿಲ್ಲ. ವಾಡಿಕೆಯ ಸೂತ್ರದಂತೆ ಮೂರು ವರ್ಷ ತುಂಬಿದ ಗಾಡಿಗೆ ಶೇ 40 ಕಳೆಯುತ್ತಾರೆ. ಹಾಗೆಂದರೆ 12 ಲಕ್ಷದ್ದು 7 ಲಕ್ಷ 20 ಸಾವಿರಕ್ಕೆ ಬಂತು. ಅದೇ ಹೊತ್ತಿಗೆ ಬ್ಯಾಂಕಿಗೆ ಬಾಕಿ ಎಷ್ಟಿರುತ್ತದೆ? 7 ಲಕ್ಷ 60 ಸಾವಿರಕ್ಕೂ ಸ್ವಲ್ಪ ಹೆಚ್ಚು. ಅಷ್ಟರಲ್ಲಾಗಲೇ ಇವನು ಹತ್ತಿರಹತ್ತಿರ 7 ಲಕ್ಷ ಕಂತು ಕಟ್ಟಿರುತ್ತಾನೆ, 3 ಲಕ್ಷ ಮುಂಗಡವನ್ನೂ ಕೊಟ್ಟಿರುತ್ತಾನೆ. ಇಷ್ಟಾದರೂ ಗಾಡಿ ಹೋದ ದಿನ ಕೈಯಿಂದಲೇ ದುಡ್ಡು ಹಾಕಿ ಸಾಲ ತೀರಿಸಬೇಕು. ಇಂಥ ಗಾಡಿಗಳಿಗೆ ಸೆಕೆಂಡ್ ಹ್ಯಾಂಡ್ ಬೆಲೆ ಚೆನ್ನಾಗಿ ನಿಲ್ಲುತ್ತದೆ, ಅದು ನಿಜ. ಆದರೆ ಮಾರಿ ಬಿಡುಗಡೆಯಾಗೋಣ ಎಂದು ಲೆಕ್ಕ ಹಾಕಿಕೊಂಡೇ ಕೊಳ್ಳುವುದಾದರೆ ಕೊಳ್ಳುವುದು ಯಾಕೆ?

ಹಣಕಾಸಿನ ಸಲಹೆಗಾರರು 20-4-10 ಎಂಬ ಸೂತ್ರ ಹೇಳುತ್ತಾರೆ. ಶೇ 20 ಮುಂಗಡ, ನಾಲ್ಕೇ ವರ್ಷದ ಸಾಲ, ಕಾರಿನ ಎಲ್ಲ ಖರ್ಚು ಸೇರಿ ಆದಾಯದ ಶೇ 10ರೊಳಗೆ. ನನ್ನ ಕೇಳಿದರೆ ಅದು ನಿಜಕ್ಕೂ ಕಾರು ಬೇಕಾದವರಿಗೆ ಹೇಳಿದ್ದು. ಶೋಕಿಯ ಕಾರಿಗೆ ಸಾಲವೇ ಕೂಡದು. ಕಟ್ಟುನಿಟ್ಟು ಜಾಸ್ತಿಯಾಯಿತು ಅನ್ನಿಸಬಹುದು. ಆದರೆ ಘಾಟಿ ರಸ್ತೆಯ ಸುಖ ನಾಲ್ಕಾರು ತಿಂಗಳಲ್ಲಿ ಹಳತಾಗುತ್ತದೆ, ಪ್ರತಿ ತಿಂಗಳ 5ನೇ ತಾರೀಖು ಬರುವ ಬ್ಯಾಂಕಿನ ಮೆಸೇಜ್ ಹಳತಾಗುವುದಿಲ್ಲ.

ಸುಖ ಎಲ್ಲಿದೆ ಎಂಬುದನ್ನೂ ಒಮ್ಮೆ ನೋಡಬೇಕು. ಟಾಮ್‌ಟಾಮ್ ಸಂಸ್ಥೆ ಜಗತ್ತಿನ ನಗರಗಳ ಸಂಚಾರ ದಟ್ಟಣೆ ಅಳೆದು ಪ್ರತಿವರ್ಷ ಪಟ್ಟಿ ಕೊಡುತ್ತದೆ. 2024ರಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ ಬೇಕಾಯಿತು. ಗಂಟೆಗೆ 18 ಕಿ.ಮೀ.ಗೂ ಕಡಿಮೆ. ಆ ವೇಗಕ್ಕೆ ಟರ್ಬೊ ಎಂಜಿನ್ನು ಯಾತಕ್ಕೆ? ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ ಹೋದರೆ 100ರ ಮಿತಿ, ಮೇಲೆ ಕ್ಯಾಮೆರಾ. ಉಳಿದದ್ದು ಘಾಟಿಗಳು. ಚಾರ್ಮಾಡಿಯ ತಿರುವುಗಳಲ್ಲಿ ಎದುರಿಗೆ ಬಸ್ಸು, ಲಾರಿ, ಮಂಜು, ರಸ್ತೆಬದಿಯ ತಡೆಗೋಡೆ ಮೇಲೆ ಕೋತಿಗಳು. ಅಲ್ಲಿ ಬುದ್ಧಿ ನೆಟ್ಟಗಿರುವ ಯಾರೂ 40 ದಾಟಿಸುವುದಿಲ್ಲ. ಅಲ್ಲಿ ಮಜಾ ಬರುವುದು ಎರಡನೇ ಗೇರಿನಲ್ಲಿ ಸಣ್ಣ ಗಾಡಿಯೊಂದು ತಿರುವಿನಿಂದ ತಿರುವಿಗೆ ಚುರುಕಾಗಿ ಮೈ ತಿರುಗಿಸಿದಾಗ. ದೊಡ್ಡ ಗಾಡಿಯ ಶಕ್ತಿಯಲ್ಲಿ ಅರ್ಧದಷ್ಟೂ ಅಲ್ಲಿ ಬಳಕೆಗೆ ಬರುವುದಿಲ್ಲ.

ಈ ಮಾತು ತಿಳಿದವರಿಗೆ ಹೊಸದಲ್ಲ. 1993ರಲ್ಲಿ ಬಂದ ಮಾರುತಿ ಝೆನ್ ಮುಕ್ಕಾಲು ಟನ್ನಿನ ಆಸುಪಾಸು ತೂಗುತ್ತಿತ್ತು. ಅದನ್ನು ಓಡಿಸಿದವರು ಇವತ್ತಿಗೂ ಅದರ ಸ್ಟೀರಿಂಗಿನ ಬಗ್ಗೆ ಮಾತು ಶುರು ಮಾಡಿದರೆ ನಿಲ್ಲಿಸುವುದಿಲ್ಲ. 2001ರಲ್ಲಿ ಫಿಯೆಟ್ ಪಾಲಿಯೊ ಬಂತು, 1.6 ಲೀಟರ್ ಎಂಜಿನ್ನು, 100 ಅಶ್ವಶಕ್ತಿ. ಪೆಟ್ರೋಲು ಕುಡಿಯುವುದರಲ್ಲೂ ಅದು ಕಡಿಮೆ ಇರಲಿಲ್ಲ ಬಿಡಿ. 2005ರಲ್ಲಿ ಸ್ವಿಫ್ಟ್, 2010ರಲ್ಲಿ ಪೋಲೊ, 2013ರಲ್ಲಿ ಪೋಲೊ ಜಿಟಿ ಟಿಎಸ್‌ಐ. ಪೋಲೊ 2022ರಲ್ಲಿ ನಿಂತೇ ಹೋಯಿತು. ನಿಂತದ್ದೇ ತಡ, ಹಳೆಯವುಗಳಿಗೆ ಬೇಡಿಕೆ ಏರಿತು. ಆಸೆ ಇದ್ದರೂ ಕೈ ಬಿಗಿ ಇರುವವರು ಅದರ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಜಿಟಿಯಿಂದ ಸ್ವಲ್ಪ ದೂರ ಇರುವುದು ಲೇಸು. ಓಡಿಸಲು ಬಲು ಸೊಗಸು, ಆದರೆ ಆ ಡಬಲ್ ಕ್ಲಚ್ ಪೆಟ್ಟಿಗೆಗೆ ಏನಾದರೂ ಆದರೆ ರಿಪೇರಿ ಬಿಲ್ಲು ಗಾಡಿಯ ಬೆಲೆಯನ್ನೇ ನೆನಪಿಸುತ್ತದೆ.

ಆದ್ದರಿಂದ ನಾನು ಹುಡುಗನಿಗೆ ಹೇಳಿದ್ದು ಇಷ್ಟೇ: ಡೌನ್ ಪೇಮೆಂಟಿಗೆ ಇಟ್ಟ 3 ಲಕ್ಷವೇ ನಿನ್ನ ಶೋಕಿಯ ಪೂರ್ತಿ ದುಡ್ಡು. ಅದರಲ್ಲಿ 2 ಲಕ್ಷ ಚಿಲ್ಲರೆಗೆ 2013ರ ಆಸುಪಾಸಿನ ಪೆಟ್ರೋಲ್ ಸ್ವಿಫ್ಟ್ ನೋಡು, ಕೊಳ್ಳುವಾಗ ಉಳಿದದ್ದನ್ನು ಮುಟ್ಟಬೇಡ. ತೂಕ ಒಂದು ಟನ್ನಿಗೂ ಕಡಿಮೆ, ಮೂಲೆಮೂಲೆಯ ಗ್ಯಾರೇಜಿನಲ್ಲೂ ಬಿಡಿಭಾಗ ಸಿಗುತ್ತದೆ. ಉಳಿಸಿದ ದುಡ್ಡು ಮೊದಲ ಆರು ತಿಂಗಳಲ್ಲೇ ಕರಗುತ್ತದೆ ಎಂದೇ ತಿಳಿದುಕೊ. ನಾಲ್ಕು ಟೈರು, ಬ್ಯಾಟರಿ, ಕ್ಲಚ್ ಪ್ಲೇಟು, ಸಸ್ಪೆನ್ಷನ್ ಬುಷ್‌ಗಳು, ಒಂದಾದ ಮೇಲೊಂದು ಬರುತ್ತವೆ. ಹಳೇ ಗಾಡಿ ಕೊಂಡು ಸೋತವರನ್ನು ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ಕೆಟ್ಟ ಗಾಡಿ ಕೊಂಡವರಲ್ಲ. ಕೊನೇ ರೂಪಾಯಿವರೆಗೂ ಗಾಡಿಗೇ ಸುರಿದು, ಮೊದಲ ರಿಪೇರಿಗೆ ಕ್ರೆಡಿಟ್ ಕಾರ್ಡ್ ಉಜ್ಜಿದವರು.

ವರ್ಷದ ಖರ್ಚು ಹೆದರಿಸುವಂಥದ್ದಲ್ಲ. 1000ದಿಂದ 1500 ಸಿಸಿ ಒಳಗಿನ ಕಾರಿಗೆ ಥರ್ಡ್ ಪಾರ್ಟಿ ವಿಮೆ 3,416 ರೂಪಾಯಿ, ಮೇಲೆ ಜಿಎಸ್‌ಟಿ. ಪೆಟ್ರೋಲು ಲೀಟರಿಗೆ 100 ದಾಟಿ ಎಷ್ಟೋ ಕಾಲವಾಯಿತು. ಅದರಲ್ಲಿ ಈಗ ಶೇ 20 ಎಥೆನಾಲ್. ಆ ಇ20 ಇಂಧನವನ್ನು 2023ರ ಫೆಬ್ರುವರಿಯಲ್ಲಿ ಪ್ರಧಾನಿ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ. ಹತ್ತು ವರ್ಷ ಹಿಂದಿನ ಗಾಡಿಗಳನ್ನು ಆ ಇಂಧನಕ್ಕೆಂದು ಮಾಡಿರಲಿಲ್ಲ. ಆದ್ದರಿಂದ ರಬ್ಬರ್ ಪೈಪು, ಸೀಲುಗಳ ಮೇಲೆ ಒಂದು ಕಣ್ಣಿರಲಿ, ಮೈಲೇಜೂ ಸ್ವಲ್ಪ ತಗ್ಗುತ್ತದೆ. 2013ರ ಗಾಡಿಯ ಆರ್‌ಸಿ 2028ಕ್ಕೆ ಮುಗಿಯುತ್ತದೆ. ಆಗ ಎಫ್‌ಸಿ ಮಾಡಿಸಬೇಕು, ನವೀಕರಣಕ್ಕೆ 5,000 ರೂಪಾಯಿ, ಜೊತೆಗೆ ಹಸಿರು ತೆರಿಗೆ. ಕೊಳ್ಳುವಾಗ ಈ ತಾರೀಖು ಮರೆಯುವವರೇ ಹೆಚ್ಚು.

ಇನ್ನೊಂದು ಆಮಿಷ ದೆಹಲಿ ಗಾಡಿಗಳದ್ದು. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ಅಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿಂದ ದೊಡ್ಡ ದೊಡ್ಡ ಗಾಡಿಗಳು ಕೇಳಿದರೆ ನಂಬಲಾಗದ ಬೆಲೆಗೆ ದಕ್ಷಿಣಕ್ಕೆ ಬಂದವು. ತಂದವನು ಎನ್‌ಒಸಿ ಹಿಡಿದು ಆರ್‌ಟಿಒ ಕಚೇರಿಗೆ ಹೋದಾಗಲೇ ಕರ್ನಾಟಕದ ತೆರಿಗೆ ನೆನಪಾಗುವುದು. ಆ ಮೊತ್ತ ಮೊದಲು ಕೇಳಿಕೊಂಡು ಆಮೇಲೆ ರೈಲು ಹತ್ತಬೇಕು.

ಕಾರು ಕೊಳ್ಳದೆಯೂ ಆಸೆ ತೀರಿಸಿಕೊಳ್ಳುವ ದಾರಿಗಳಿವೆ ಎಂದರೆ ಹುಡುಗರು ಮುಖ ಸಿಂಡರಿಸುತ್ತಾರೆ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರದ ಸೆಲ್ಫ್ ಡ್ರೈವ್ ಬಾಡಿಗೆ ಗಾಡಿಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. 19 ಸಾವಿರದ ಒಂದು ಕಂತಿಗೆ ಎರಡು ವಾರಾಂತ್ಯ ಅದೇ ಥಾರ್ ಓಡಿಸಬಹುದು. ಮಳೆಗಾಲದಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ಹೀಗೆ ಓಡಿಸಿದ ಮೇಲೂ ಅದೇ ಬೇಕು ಅನ್ನಿಸಿದರೆ ಅದು ಬೇರೆ ಮಾತು. ಇನ್ನು ಓಡಿಸುವ ಕಲೆಯ ಮೇಲೇ ಪ್ರೀತಿ ಇರುವವರಿಗೆ ನಮ್ಮ ರಾಜ್ಯ ತವರು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಕೆ-1000 ರ‍್ಯಾಲಿ, ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ರಸ್ತೆಯ ರ‍್ಯಾಲಿಗಳು ದೇಶಕ್ಕೇ ಹೆಸರುವಾಸಿ. ಮಾರುತಿ ಜಿಪ್ಸಿ ಎಷ್ಟೋ ವರ್ಷ ಅಲ್ಲಿ ಮೆರೆಯಿತು. ಒಂದು ಭಾನುವಾರ ಹೋಗಿ, ಧೂಳು ಕುಡಿದು, ಹಳೇ ಗಾಡಿಗಳನ್ನು ಹುಡುಗರು ಹೇಗೆ ಓಡಿಸುತ್ತಾರೆ ನೋಡಿ ಬಂದರೆ ಹೊಸ ಗಾಡಿಯ ಹುಚ್ಚು ಅರ್ಧ ಇಳಿಯುತ್ತದೆ.

ಕೆಲವರಿಗೆ ಮಾತ್ರ ಈ ಹಳೇ ಸ್ವಿಫ್ಟೂ ಬೇಡ ಎನ್ನುತ್ತೇನೆ. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಇಲ್ಲದವರಿಗೆ, ಅಪ್ಪ ಅಮ್ಮನಿಗೆ ಆರೋಗ್ಯ ವಿಮೆ ಮಾಡಿಸದವರಿಗೆ, ಮನೆಯ ಚಿನ್ನ ಆಗಲೇ ಅಡವಿಗೆ ಹೋಗಿರುವವರಿಗೆ. ಬಾಡಿಗೆ ಮನೆಯಲ್ಲಿ ಪಾರ್ಕಿಂಗ್ ಇಲ್ಲದವರೂ ಯೋಚಿಸಬೇಕು. ಬೀದಿಯಲ್ಲಿ ನಿಂತ ಗಾಡಿಗೆ ಬೀಳುವ ಗೀರು ಒಂದಾದರೆ, ಗೇಟಿನ ಮುಂದೆ ನಿಲ್ಲಿಸಿದ್ದಕ್ಕೆ ಎದುರುಮನೆಯವರ ಜೊತೆ ಆಗುವ ಜಗಳ ಇನ್ನೊಂದು.

ಹುಡುಗ ಈಗ ಭಾನುವಾರಗಳಲ್ಲಿ ಗಾಡಿ ನೋಡುತ್ತಿದ್ದಾನೆ. ಮೊನ್ನೆ ಒಂದಕ್ಕೆ ನಾನೂ ಹೋಗಿದ್ದೆ, ಜೊತೆಗೆ ಅವನ ಗುರುತಿನ ಮೆಕ್ಯಾನಿಕ್. ಬೆಳಿಗ್ಗೆ ಏಳಕ್ಕೇ ಹೋಗಬೇಕೆಂದು ಹಟ ಹಿಡಿದದ್ದು ಅವರೇ. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟರೆ ತಣ್ಣಗಿನ ಎಂಜಿನ್ನಿನ ಸದ್ದು ತಿಳಿಯುವುದಿಲ್ಲ. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ, ಸೆಲ್ಫ್ ತಾವೇ ಹೊಡೆದರು. ಆಮೇಲೆ ಬಾಗಿಲು ತೆರೆದು ಅಂಚಿನ ರಬ್ಬರ್ ಬೀಡಿಂಗನ್ನು ಮೆಲ್ಲನೆ ಎಳೆದರು. ಕಂಪನಿಯಿಂದ ಬಂದಾಗ ಅಲ್ಲಿ ಬೆರಳುಗುರುತಿನಷ್ಟು ದುಂಡನೆಯ ವೆಲ್ಡಿಂಗ್ ಗುಳಿಗಳು ಒಂದೇ ಅಂತರದಲ್ಲಿ ಸಾಲಾಗಿರುತ್ತವೆ. ಎಡಗಡೆ ಹಾಗೇ ಇದ್ದವು. ಬಲಗಡೆ ಪಿಲ್ಲರಿನಲ್ಲಿ ಗುಳಿಗಳೇ ಇರಲಿಲ್ಲ, ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ತೆಗೆದರೆ ಅದರ ಗುಂಡಿಯಲ್ಲೂ ಹೊಸ ಬಣ್ಣ. ಫೋನಿನಲ್ಲಿ ನಂಬರ್ ಹಾಕಿ ನೋಡಿದರೆ ಟ್ರಾಫಿಕ್ ದಂಡ ಬಾಕಿ ಇತ್ತು, ಆರ್‌ಸಿಯಲ್ಲಿ ಫೈನಾನ್ಸಿನವರ ಹೆಸರೂ ಇನ್ನೂ ತೆಗೆಸಿರಲಿಲ್ಲ.

‘ಅದೆಲ್ಲ ಮಾಡಿಸಿಕೊಡ್ತೀವಿ ಸರ್, ಐದು ಸಾವಿರ ಟೋಕನ್ ಕೊಡಿ, ಸಂಜೆ ಇನ್ನೊಂದು ಪಾರ್ಟಿ ಬರ್ತಿದೆ’ ಅಂದರು ಮಾರುವವರು. ಹುಡುಗನ ಕೈ ಜೇಬಿಗೆ ಹೋಯಿತು. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ, ‘ಬರ್ಲಿ ಬಿಡಿ ಅಣ್ಣ, ಅವರೇ ತಗೊಳ್ಳಲಿ’ ಎಂದು ತಮ್ಮ ಸ್ಕೂಟರಿನ ಕಡೆ ನಡೆದರು. ಈ ದೇಶದಲ್ಲಿ ಇಲ್ಲಿಯವರೆಗೆ 30 ಲಕ್ಷಕ್ಕೂ ಹೆಚ್ಚು ಸ್ವಿಫ್ಟ್‌ಗಳು ಮಾರಾಟವಾಗಿವೆ. ಮುಂದಿನ ಭಾನುವಾರ ರಾಜಾಜಿನಗರದಲ್ಲಿ ಒಂದನ್ನು ನೋಡಲು ಹೋಗುವವರಿದ್ದೇವೆ.