ಮಾಡಬಲ್ಲ ಕೈ, ಮಾಡುವ ಕೈ

ಬೆಳಿಗ್ಗೆ ಎದ್ದು ಶಾಲೆಗೋ ಕಾಲೇಜಿಗೋ ಹೊರಡುವಷ್ಟರಲ್ಲಿ ನಿಮ್ಮ ಎರಡು ಕೈಗಳು ಎಷ್ಟು ಕೆಲಸ ಮುಗಿಸಿರುತ್ತವೆ ಎಂದು ಎಂದಾದರೂ ಲೆಕ್ಕ ಹಾಕಿದ್ದೀರಾ? ಪೇಸ್ಟಿನ ಮುಚ್ಚಳ ತೆಗೆಯುವಾಗ ಒಂದು ಕೈ ಟ್ಯೂಬನ್ನು ಹಿಡಿದಿರುತ್ತದೆ, ಇನ್ನೊಂದು ತಿರುಗಿಸುತ್ತದೆ. ಅಂಗಿಯ ಗುಂಡಿ, ತಲೆಯ ಜಡೆ, ಊಟದ ಡಬ್ಬಿ, ಎಲ್ಲಕ್ಕೂ ಎರಡು ಕೈಗಳ ಹೊಂದಾಣಿಕೆ ಬೇಕು. ಈ ಹೊಂದಾಣಿಕೆಗೆ ಆಜ್ಞೆ ಹೊರಡುವುದು ಮೆದುಳಿನಿಂದ. ಆ ಮೆದುಳು ಇನ್ನೂ ಬೆಳೆಯುತ್ತಿರುವಾಗಲೇ ಅದಕ್ಕೆ ಪೆಟ್ಟಾಗಿ ಚಲನೆ ಮತ್ತು ಭಂಗಿಗಳ ಹತೋಟಿ ತಪ್ಪುವ ಸ್ಥಿತಿಯೇ ಸೆರೆಬ್ರಲ್ ಪಾಲ್ಸಿ. ಕನ್ನಡದಲ್ಲಿ ಇದನ್ನು ಮೆದುಳಿನ ಪಾರ್ಶ್ವವಾಯು ಎನ್ನುವುದುಂಟು.

ದಿನ ತುಂಬುವ ಮೊದಲೇ ಹುಟ್ಟುವುದು, ಹೆರಿಗೆಯ ಹೊತ್ತಿನಲ್ಲಿ ಮೆದುಳಿಗೆ ಆಮ್ಲಜನಕ ಸಾಲದೆ ಹೋಗುವುದು, ನವಜಾತ ಶಿಶುವಿನ ಕಾಮಾಲೆ ಮಿತಿಮೀರುವುದು, ಮೆದುಳಿಗೆ ಸೋಂಕು ತಗಲುವುದು ಮುಂತಾಗಿ ಕಾರಣಗಳು ಹಲವು. ಸಾವಿರ ಶಿಶುಗಳಲ್ಲಿ ಸುಮಾರು ಎರಡು ಮೂರು ಶಿಶುಗಳಿಗೆ ಹೀಗಾಗುತ್ತದೆ. ಇದು ಅಂಟುರೋಗವಲ್ಲ. ಮೆದುಳಿಗಾದ ಪೆಟ್ಟು ಕಾಲಕ್ರಮದಲ್ಲಿ ಹೆಚ್ಚುವುದೂ ಇಲ್ಲ. ಇನ್ನೊಂದು ಸಂಗತಿಯನ್ನು ಇಲ್ಲಿ ಒತ್ತಿ ಹೇಳಬೇಕು. ಮಾತು ತೊದಲುವ, ಜೊಲ್ಲು ಸುರಿಸುವ, ಕೈಕಾಲು ಸೊಟ್ಟಗಾದ ಮಗುವನ್ನು ಕಂಡೊಡನೆ ಅದು ದಡ್ಡ ಮಗು ಎಂದು ತೀರ್ಮಾನಿಸಿಬಿಡುತ್ತೇವೆ. ಆದರೆ ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬುದ್ಧಿಮಾಂದ್ಯ ಇರುವುದಿಲ್ಲ. ಹೇಳಬೇಕಾದುದು ತಲೆಯಲ್ಲಿದೆ, ಅದನ್ನು ಹೊರಗೆ ತರುವ ಕೈ, ನಾಲಗೆಗಳು ಮಾತು ಕೇಳುವುದಿಲ್ಲ.

ಇಂಥ ಮಗುವಿನ ದಿನಚರಿಯನ್ನು ಪರಿಶೀಲಿಸಿ ದಾರಿ ತೋರುವವರಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರು. ಸರ್ಕಾರಿ ಕನ್ನಡದಲ್ಲಿ ಇದು ‘ಔದ್ಯೋಗಿಕ ಚಿಕಿತ್ಸೆ’. ಆ ಹೆಸರು ಕೇಳಿದ ಯಾರಾದರೂ ಮೂರು ವರ್ಷದ ಮಗುವಿಗೆ ಎಂಥ ಉದ್ಯೋಗ ಎಂದು ಕೇಳಿಯಾರು! ಇಲ್ಲಿ ಉದ್ಯೋಗವೆಂದರೆ ಸಂಬಳದ ಕೆಲಸವಲ್ಲ, ದಿನವನ್ನು ತುಂಬುವ ಚಟುವಟಿಕೆ. ಆಟ, ಊಟ, ಸ್ನಾನ, ಓದುಬರಹ, ಇವೇ ಮಗುವಿನ ಉದ್ಯೋಗ. ಭಾರತದಲ್ಲಿ ಈ ವಿದ್ಯೆಯ ಮೊದಲ ಶಾಲೆ 1950ರಲ್ಲಿ ಮುಂಬಯಿಯಲ್ಲಿ ಕಮಲಾ ನಿಂಬಕರ್ ಅವರ ಪ್ರಯತ್ನದಿಂದ ಆರಂಭವಾಯಿತು. ಇಂದು ನಮ್ಮ ಮಣಿಪಾಲದಲ್ಲೂ ಇದರ ಪದವಿ ಶಿಕ್ಷಣವಿದೆ.

ಚಿಕಿತ್ಸೆಗೆ ಮೊದಲು ಮೌಲ್ಯಮಾಪನ. ಅದು ಕೈಯಿಂದ ಶುರುವಾಗುವುದಿಲ್ಲ, ಕೂರುವ ಭಂಗಿಯಿಂದ ಶುರುವಾಗುತ್ತದೆ. ಸೊಂಟ ಜಾರುತ್ತಿದ್ದರೆ, ಪಾದ ನೆಲಕ್ಕೆ ಊರದಿದ್ದರೆ ಮಗು ಕೈಗಳನ್ನು ಬೀಳದಂತೆ ಆತುಕೊಳ್ಳಲು ಬಳಸುತ್ತದೆ. ಕೆಲಸಕ್ಕೆ ಕೈ ಎಲ್ಲಿಂದ ಬರಬೇಕು? ಅನಂತರ ಸ್ನಾಯುವಿನ ಬಿಗಿತ. ನಿಧಾನವಾಗಿ ಎಳೆದರೆ ಸಲೀಸಾಗಿ ಚಾಚಿಕೊಳ್ಳುವ ಮೊಣಕೈ, ಥಟ್ಟನೆ ಎಳೆದರೆ ನಡುವೆಯೇ ತಡೆದು ನಿಲ್ಲುತ್ತದೆ. ಗಾಬರಿ, ಅವಸರಗಳೂ ಬಿಗಿತವನ್ನು ಹೆಚ್ಚಿಸುತ್ತವೆ. ‘ಬೇಗ ಬೇಗ ತಿನ್ನು’ ಎಂದು ಗದರಿದಷ್ಟೂ ಕೈ ಹಿಂದೇಟು ಹಾಕುವುದು ಹಟದಿಂದಲ್ಲ.

ಹಸುಗೂಸುಗಳಲ್ಲಿ ಒಂದು ಪ್ರತಿವರ್ತನೆ ಇರುತ್ತದೆ. ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿದರೆ ಆ ಪಕ್ಕದ ತೋಳು ಚಾಚಿಕೊಳ್ಳುತ್ತದೆ, ಇನ್ನೊಂದು ಮಡಚಿಕೊಳ್ಳುತ್ತದೆ. ಸಾಮಾನ್ಯವಾಗಿ ಆರು ತಿಂಗಳ ಹೊತ್ತಿಗೆ ಇದು ಮರೆಯಾಗಬೇಕು. ಸೆರೆಬ್ರಲ್ ಪಾಲ್ಸಿ ಇರುವ ಕೆಲವು ಮಕ್ಕಳಲ್ಲಿ ಹಾಗೇ ಉಳಿದುಬಿಡುತ್ತದೆ. ಆ ಮಗು ತುತ್ತನ್ನು ನೋಡಲು ಬಲಕ್ಕೆ ತಿರುಗಿದರೆ ಬಲಗೈ ಬಾಯಿಂದ ದೂರ ಚಾಚುತ್ತದೆ! ತಟ್ಟೆಯನ್ನೋ ಕಪ್ಪುಹಲಗೆಯನ್ನೋ ಪಕ್ಕದಿಂದ ಎದುರಿಗೆ ತಂದರೆ ತೊಂದರೆ ಎಷ್ಟೋ ಕಡಿಮೆಯಾದೀತು. ಮೌಲ್ಯಮಾಪನ ಇಲ್ಲದೆ ಇದು ಹೊಳೆಯುವುದಾದರೂ ಹೇಗೆ?

ಸ್ಪರ್ಶಜ್ಞಾನದ ಪರೀಕ್ಷೆಯನ್ನು ನೀವೂ ಮಾಡಿನೋಡಬಹುದು. ಬಟ್ಟೆಯ ಚೀಲದಲ್ಲಿ ಬೀಗದ ಕೈ, ನಾಣ್ಯ, ಗುಂಡಿ, ಪೆನ್ಸಿಲ್ ಚೂರು ಹಾಕಿ. ಒಳಗೆ ನೋಡದೆ, ಮುಟ್ಟಿಯೇ ಹೆಸರಿಸಿ. ಈಗ ಕೈಗೆ ದಪ್ಪ ಕಾಲುಚೀಲ ತೊಟ್ಟು ಮತ್ತೆ ಪ್ರಯತ್ನಿಸಿ. ಅನೇಕ ಮಕ್ಕಳ ಕೈಗೆ ಚಲನೆಯ ಜೊತೆಗೆ ಈ ಅರಿವೂ ಕುಂದಿರುತ್ತದೆ. ಏನು ಹಿಡಿದಿದ್ದೇನೆಂದು ತಿಳಿಯದ ಕೈಯನ್ನು ಮಗು ಮರೆತೇಬಿಡುತ್ತದೆ.

ಮೌಲ್ಯಮಾಪನದ ತಿರುಳು ಇರುವುದು ಈ ಮರೆವಿನಲ್ಲಿ. ‘ಬಲಗೈಯಿಂದ ಚೆಂಡು ಹಿಡಿ’ ಎಂದರೆ ಹಿಡಿಯುವ ಹುಡುಗಿ, ಆಟವಾಡುವಾಗ ಆ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿರಬಹುದು. ಕೈ ಮಾಡಬಲ್ಲುದು ಒಂದು, ಮಾಡುವುದು ಇನ್ನೊಂದು. ಒಂದೇ ಪಕ್ಕ ದುರ್ಬಲವಾಗಿರುವ ಮಕ್ಕಳಿಗಾಗಿ ಸ್ವೀಡನ್ನಿನಲ್ಲಿ ರೂಪಿಸಿ 2003ರಲ್ಲಿ ಪ್ರಕಟಿಸಿದ ‘ಅಸಿಸ್ಟಿಂಗ್ ಹ್ಯಾಂಡ್ ಅಸೆಸ್‌ಮೆಂಟ್’ ಅಳೆಯುವುದು ಎರಡನೆಯದನ್ನು. ಎರಡು ಕೈ ಬೇಡುವ ಆಟಿಕೆಗಳನ್ನು ಮಗುವಿನ ಮುಂದಿಡುತ್ತಾರೆ, ಯಾವ ಕೈ ಬಳಸಬೇಕೆಂದು ಹೇಳುವುದಿಲ್ಲ. ಹತ್ತು ಹದಿನೈದು ನಿಮಿಷದ ಆಟವನ್ನು ವಿಡಿಯೋದಲ್ಲಿ ಹಿಡಿದು, ಆಮೇಲೆ ನೋಡಿ ಅಂಕ ಕೊಡುತ್ತಾರೆ. ಕ್ಯಾಮೆರಾದ ಹಿಂದೆಯೇ ವೃತ್ತಿ ಮಾಡುವ ನನಗೆ ಇದು ತೀರ ಸಹಜವೆನಿಸುತ್ತದೆ. ಕಣ್ಣೆದುರಿಗೆ ಜಾರಿಹೋದ ಬೆರಳಿನ ಚಲನೆ, ದೃಶ್ಯವನ್ನು ಹಿಂದಕ್ಕೆ ತಿರುಗಿಸಿದಾಗ ಸಿಕ್ಕಿಬೀಳುತ್ತದೆ. ಅದೇ ದೇಶದಿಂದ 2006ರಲ್ಲಿ ಬಂದ ‘ಮ್ಯಾಕ್ಸ್’ ಎಂಬ ಐದು ಹಂತಗಳ ವರ್ಗೀಕರಣವೂ ದಿನನಿತ್ಯ ಮಗು ವಸ್ತುಗಳನ್ನು ಹೇಗೆ ಬಳಸುತ್ತದೆ ಎಂದು, ಬಲ್ಲವರನ್ನು ವಿಚಾರಿಸಿಯೇ ಹಂತ ಗೊತ್ತುಮಾಡುತ್ತದೆ.

ಹಾಗಾಗಿ ಮನೆಯವರ ಮಾತಿಗೆ ಇಲ್ಲಿ ಬೆಲೆಯಿದೆ. 1991ರಲ್ಲಿ ಪ್ರಕಟವಾದ ಕೆನಡಾದ ಒಂದು ಕ್ರಮದಲ್ಲಿ ಯಾವ ಕೆಲಸ ಎಷ್ಟು ಮುಖ್ಯ, ಈಗ ಅದು ಹೇಗೆ ನಡೆಯುತ್ತಿದೆ, ಅದರಿಂದ ತೃಪ್ತಿಯಿದೆಯೇ ಎಂಬುದಕ್ಕೆ ಮಗು ಅಥವಾ ಪೋಷಕರೇ ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಪಶ್ಚಿಮದ ಪರೀಕ್ಷೆಗಳು ಚಮಚ, ಕುರ್ಚಿಗಳ ಬಗ್ಗೆ ಕೇಳಿಯಾವು. ನಮ್ಮಲ್ಲಿ ಕೇಳಬೇಕಾದುದು ನೆಲದ ಮೇಲೆ ಕೂತು ಅನ್ನ ಸಾರು ಕಲಸುವುದನ್ನು, ಚೊಂಬಿನಿಂದ ನೀರು ಹಾಕಿಕೊಳ್ಳುವುದನ್ನು. ಎಡಗೈ ಊಟದ ಪ್ರಶ್ನೆಯೂ ಇದೆ. ಬಲಭಾಗ ದುರ್ಬಲವಾದ ಮಗು ಎಡಗೈಯಲ್ಲಿ ಉಣ್ಣಲು ಹೋದರೆ, ನಾಲ್ಕು ಜನರ ಮುಂದೆ ಹಾಗೆ ಉಣ್ಣಬಾರದೆಂದು ಅಜ್ಜಿ ತಡೆಯುತ್ತಾರೆ. ಮಗು ಅರ್ಧ ಹೊಟ್ಟೆಯಲ್ಲೇ ಏಳುತ್ತದೆ, ಇಲ್ಲವೇ ಅಮ್ಮನ ಕೈತುತ್ತಿಗೆ ಅಂಟಿಕೊಳ್ಳುತ್ತದೆ. ಥೆರಪಿಸ್ಟರು ಅಜ್ಜಿಯನ್ನೂ ಎದುರಿಗೆ ಕೂರಿಸಿಕೊಂಡು, ಎಡಗೈ ಉಣ್ಣಲಿ, ಬಲಗೈ ತಟ್ಟೆಯನ್ನು ಒತ್ತಿ ಹಿಡಿಯಲಿ ಎಂದು ಒಪ್ಪಿಸಬೇಕಾಗುತ್ತದೆ. ಇದು ಯಾವ ಅಂಕಪಟ್ಟಿಯಲ್ಲೂ ಇಲ್ಲದ ಕೆಲಸ.

ಶಾಲೆಯಲ್ಲಿ ತೀರ್ಮಾನಿಸಬೇಕಾದುದು ಬರವಣಿಗೆ. ಮೊದಲ ಪುಟದ ದುಂಡಗಿನ ಅಕ್ಷರ ನೋಡಿದರೆ ಸಾಲದು. ಮೂರನೆಯ ಪುಟದ ಹೊತ್ತಿಗೆ ಕೈ ಎಷ್ಟು ದಣಿದಿದೆ ಎಂದು ನೋಡಬೇಕು. ದಪ್ಪ ಹಿಡಿಕೆಯ ಪೆನ್ಸಿಲ್ ಸಾಕೇ, ಕೀಲಿಮಣೆ ಬೇಕೇ, ಬರೆದುಕೊಡುವ ಸಹಾಯಕರು ಬೇಕೇ ಎಂಬುದು ಅಲ್ಲಿ ತಿಳಿಯುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯುವ ಸಹಾಯಕರಂಥ ಅನುಕೂಲಗಳಿಗೆ ಅವಕಾಶ ಮಾಡಿದೆ. ಆದರೆ ಎರಡನೆಯ ತರಗತಿಯಲ್ಲಿ ಪೆನ್ಸಿಲ್ಲೇ ಸಾಕಾದ ಮಗುವಿಗೆ ಎಂಟನೆಯ ತರಗತಿಯಲ್ಲಿ ಅದು ಸಾಲದಿರಬಹುದು. ಮೂಳೆ ಬೆಳೆದ ವೇಗಕ್ಕೆ ಬಿಗಿದ ಸ್ನಾಯು ಬೆಳೆಯುವುದಿಲ್ಲ, ಬರೆಯಬೇಕಾದ ಪುಟಗಳಂತೂ ಹೆಚ್ಚುತ್ತಲೇ ಹೋಗುತ್ತವೆ. ಅದಕ್ಕಾಗಿಯೇ ಕೂರುವ ಭಂಗಿ, ಬಟ್ಟೆಯ ಚೀಲ, ಊಟದ ತಟ್ಟೆ ಎಲ್ಲವನ್ನೂ ಕಾಲಕಾಲಕ್ಕೆ ಮೊದಲಿನಿಂದ ನೋಡುತ್ತಾರೆ.