ಪ್ರೇರಿಯ ಮರದ ಕಣಜಗಳು: ಮೊದಲು ನೀರು, ಆಮೇಲೆ ಬೆಂಕಿ

ಕೆನಡಾದ ಸಸ್ಕ್ಯಾಚೆವಾನ್, ಆಲ್ಬರ್ಟಾ, ಮ್ಯಾನಿಟೋಬಾ ಪ್ರಾಂತ್ಯಗಳ ಹುಲ್ಲುಗಾವಲು ಬಯಲಿಗೆ ಪ್ರೇರಿ ಎಂದು ಹೆಸರು. ಅಲ್ಲಿ ರೈಲು ಹಳಿಯ ಪಕ್ಕ, ಊರಿನ ಹೆಸರನ್ನು ಮೈಮೇಲೆ ಬರೆಸಿಕೊಂಡು ನಿಂತ ಮರದ ಎತ್ತರದ ಕಣಜಗಳನ್ನು ನೋಡಲೆಂದೇ ಪ್ರವಾಸಿಗರು ಬರುತ್ತಾರೆ. ಈ ‘ಗ್ರೇನ್ ಎಲಿವೇಟರ್’ಗಳ ಸಂಖ್ಯೆ 1930ರ ದಶಕದಲ್ಲಿ 5,500ನ್ನು ದಾಟಿತ್ತು. ಇಂದು ಉಳಿದಿರುವುದು ಕೆಲವು ನೂರು ಮಾತ್ರ. ಅವೂ ಕುಸಿಯುವ ಹಾದಿಯಲ್ಲಿವೆ ಎನ್ನಲು ಕಾರಣ ಅವುಗಳ ರಚನೆಯಲ್ಲೇ ಇದೆ.

ರೈತರು ಕುದುರೆ ಗಾಡಿಯಲ್ಲಿ ಗೋಧಿ ತಂದು ಅದೇ ದಿನ ಮನೆಗೆ ಮರಳಬೇಕಿತ್ತು. ಅದಕ್ಕಾಗಿ ಸುಮಾರು 13ರಿಂದ 16 ಕಿ.ಮೀ.ಗೊಂದರಂತೆ ಕಣಜಗಳು ಎದ್ದವು. ಮರದ ಹಲಗೆಗಳನ್ನು ಅಡ್ಡಡ್ಡಲಾಗಿ ಒಂದರ ಮೇಲೊಂದು ಪೇರಿಸಿ ಮೊಳೆ ಹೊಡೆದು ಗೋಡೆ ಕಟ್ಟುತ್ತಿದ್ದರು. ಧಾನ್ಯದ ಭಾರೀ ಒತ್ತಡವನ್ನು ತಡೆಯುತ್ತಿದ್ದುದು ಈ ಗೋಡೆಯೇ. ನೆಲದಡಿಯ ಗುಂಡಿಗೆ ಸುರಿದ ಕಾಳನ್ನು ಪಟ್ಟಿಗೆ ಜೋಡಿಸಿದ ಬಟ್ಟಲುಗಳು ತುದಿಯವರೆಗೆ ಎತ್ತುತ್ತಿದ್ದವು.

ಧಾನ್ಯ ಸಾಗಣೆಯ ರಿಯಾಯಿತಿ ದರ 1995ರಲ್ಲಿ ರದ್ದಾಯಿತು. ಕವಲು ರೈಲು ಮಾರ್ಗಗಳು ಮುಚ್ಚುತ್ತಾ ಹೋದವು, ದೊಡ್ಡ ಕಾಂಕ್ರೀಟ್ ಕಣಜಗಳು ಬಂದವು. ಹಳೆಯವು ಖಾಲಿಯಾದವು. ಹಾನಿ ಶುರುವಾಗುವುದು ಇಲ್ಲಿಂದಲೇ. ಬಳಕೆಯಲ್ಲಿದ್ದಾಗ ಸೋರುವ ಚಾವಣಿಗೆ ಅಂದೇ ತೇಪೆ ಬೀಳುತ್ತಿತ್ತು, ಏಕೆಂದರೆ ಒದ್ದೆಯಾದ ಗೋಧಿ ಎಂದರೆ ನಷ್ಟ. ಖಾಲಿ ಕಣಜದ ತಗಡು ಗಾಳಿಗೆ ಎದ್ದರೆ ಕೇಳುವವರಿಲ್ಲ. ಒಳನುಗ್ಗಿದ ನೀರು ಹಲಗೆಗಳ ಸಂದಿಯಲ್ಲಿ ಇಳಿದು ತಳದ ಗುಂಡಿಯಲ್ಲಿ ನಿಲ್ಲುತ್ತದೆ. ಮರದ ತೇವಾಂಶ ಶೇ. 20ಕ್ಕಿಂತ ಕಡಿಮೆ ಇದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ನಿಂತ ನೀರಿನ ಪಕ್ಕದಲ್ಲಿ ಆ ರಕ್ಷಣೆ ಇರದು. ಇಡೀ ಕಟ್ಟಡದ ಭಾರ ಹೊತ್ತ ಕೆಳಗಿನ ತೊಲೆಗಳೇ ಮೊದಲು ಕೊಳೆಯುತ್ತವೆ. ಹೊರಗಿನ ಬಣ್ಣ ಮಾತ್ರ ಚೆನ್ನಾಗಿಯೇ ಕಾಣುತ್ತಿರುತ್ತದೆ.

ಎರಡನೆಯ ಅಪಾಯ ಬೆಂಕಿ. ಒಣ ಮರ, ಮೂಲೆಮೂಲೆಯಲ್ಲಿ ಉಳಿದ ಧಾನ್ಯದ ಧೂಳು, ತಳದಿಂದ ತುದಿಯವರೆಗೆ ಹಾದುಹೋಗುವ ಟೊಳ್ಳು ಕೊಳವೆ: ಕಿಡಿ ಬಿದ್ದರೆ ಕಟ್ಟಡವೇ ಹೊಗೆಗೂಡಾಗುತ್ತದೆ. ಸಸ್ಕ್ಯಾಚೆವಾನ್‌ನ ಫ್ಲೆಮಿಂಗ್‌ನಲ್ಲಿ 1895ರಲ್ಲಿ ಕಟ್ಟಿದ ಕಣಜ, ಮೂಲ ಜಾಗದಲ್ಲೇ ಉಳಿದಿದ್ದ ಅತ್ಯಂತ ಹಳೆಯದೆಂದು ಹೆಸರಾಗಿತ್ತು. 2010ರ ಫೆಬ್ರವರಿಯಲ್ಲಿ ಅದು ಸುಟ್ಟುಹೋಯಿತು. ಪಾರಂಪರಿಕ ಕಟ್ಟಡವೆಂಬ ಮಾನ್ಯತೆ ಅದನ್ನು ಉಳಿಸಲಿಲ್ಲ. ಅತ್ತ ಹವಾಮಾನವೂ ಬಿಸಿಯೇರುತ್ತಿದೆ. ಕೆನಡಾ ಸರ್ಕಾರದ 2019ರ ವರದಿಯ ಪ್ರಕಾರ, ಪ್ರೇರಿ ಪ್ರಾಂತ್ಯಗಳ ಸರಾಸರಿ ತಾಪಮಾನ 1948ರಿಂದ 2016ರೊಳಗೆ 1.9 ಡಿಗ್ರಿ ಸೆಲ್ಸಿಯಸ್ ಏರಿದೆ. ಬೇಸಿಗೆ ಬಿಸಿಯಾದಷ್ಟೂ ಹುಲ್ಲು ಬೇಗ ಒಣಗುತ್ತದೆ, ಬೆಂಕಿ ಕಣಜದ ಬುಡಕ್ಕೆ ಬರುವ ದಾರಿ ಸಲೀಸಾಗುತ್ತದೆ.

ಉಳಿಸಲಾಗದು ಎಂದೇನಿಲ್ಲ. ಮ್ಯಾನಿಟೋಬಾದ ಇಂಗ್ಲಿಸ್‌ನಲ್ಲಿ 1922ರಿಂದ 1941ರೊಳಗೆ ಕಟ್ಟಿದ ಐದು ಕಣಜಗಳ ಸಾಲು ಊರವರ ಶ್ರಮದಿಂದ ರಾಷ್ಟ್ರೀಯ ಐತಿಹಾಸಿಕ ತಾಣವಾಗಿ ನಿಂತಿದೆ. ಆದರೆ ಎಲ್ಲ ಊರಿಗೂ ಅಷ್ಟು ಹಣವಾಗಲಿ ಜನಬಲವಾಗಲಿ ಇಲ್ಲ. ಇರುವ ಅಲ್ಪ ಹಣವನ್ನು ಬಣ್ಣಕ್ಕೆ, ಮಾಹಿತಿ ಫಲಕಕ್ಕೆ ಸುರಿದರೆ ಅದು ಪೋಲು. ಮೊದಲು ಚಾವಣಿ ಭದ್ರವಾಗಲಿ, ಗುಂಡಿಯ ನೀರು ಹೊರಹೋಗಲಿ, ಧೂಳು ತೆಗೆಸಿ ಸುತ್ತಲಿನ ಒಣಹುಲ್ಲು ಕತ್ತರಿಸಲಿ. ಇಷ್ಟು ಮಾಡದ ಊರು ತನ್ನ ಕಣಜವನ್ನು ಕಳೆದುಕೊಳ್ಳುವುದು ಖಚಿತ. ಯಾವ ವರ್ಷ ಎಂಬುದಷ್ಟೇ ಬಾಕಿ.