ಮೂರೂವರೆ ಕಿಲೋವ್ಯಾಟ್‌ನ ಲಾಟರಿ

ಗೃಹಜ್ಯೋತಿಯಲ್ಲಿ ಮನೆಗೆ ತಿಂಗಳಿಗೆ ಹೆಚ್ಚೆಂದರೆ 200 ಯೂನಿಟ್ ಕರೆಂಟ್ ಪುಕ್ಕಟೆ. ದೊಡ್ಡಬಳ್ಳಾಪುರದ ಸಾಧಾರಣ ಮನೆಗೆ ಫ್ಯಾನು, ಫ್ರಿಜ್ಜು, ಟೀವಿ, ಮಿಕ್ಸಿ ಎಲ್ಲ ಸೇರಿದರೂ ಅಷ್ಟು ಸಾಕು. ಅದೇ ಮನೆಯಲ್ಲಿ ಆಂಟ್‌ಮೈನರ್ ಎಸ್21 ಎಂಬ ಬಿಟ್‌ಕಾಯಿನ್ ಯಂತ್ರವೊಂದನ್ನು ಇಟ್ಟರೆ ಎರಡೂವರೆ ದಿನ ತುಂಬುವ ಮೊದಲೇ ಆ 200 ಯೂನಿಟ್ ಮುಗಿದಿರುತ್ತದೆ. ಅದು ಎಳೆಯುವುದು 3,500 ವ್ಯಾಟ್. ಹಗಲು ರಾತ್ರಿ ನಿಲ್ಲಿಸುವಂತಿಲ್ಲ. ದಿನಕ್ಕೆ 84 ಯೂನಿಟ್.

ಇಷ್ಟು ಕರೆಂಟ್ ಕುಡಿದು ಅದು ಮಾಡುವುದೇನು? ಬಿಟ್‌ಕಾಯಿನ್ ಎಂದರೆ ಮೂಲತಃ ಎಲ್ಲರ ಬಳಿಯೂ ಪ್ರತಿ ಇರುವ ಒಂದು ಲೆಕ್ಕದ ಪುಸ್ತಕ. ಸರಾಸರಿ ಹತ್ತು ನಿಮಿಷಕ್ಕೊಮ್ಮೆ ಅದಕ್ಕೊಂದು ಹೊಸ ಪುಟ, ಅಂದರೆ ಬ್ಲಾಕ್, ಸೇರುತ್ತದೆ. ಪುಟದ ತಲೆಬರಹ ಕೇವಲ 80 ಬೈಟ್. ಹಿಂದಿನ ಪುಟದ ಗುರುತು, ವೇಳೆ, ವ್ಯವಹಾರಗಳ ಸಾರಾಂಶ, ಜೊತೆಗೆ ಮನಸ್ಸಿಗೆ ಬಂದಂತೆ ಬದಲಿಸಬಹುದಾದ ಒಂದು ಸಂಖ್ಯೆ ಅದರಲ್ಲಿರುತ್ತವೆ. ಈ ತಲೆಬರಹವನ್ನು ಎಸ್‌ಎಚ್‌ಎ-256 ಎಂಬ ಸೂತ್ರಕ್ಕೆ ಹಾಕಿದರೆ ಒಂದು ದೈತ್ಯ ಸಂಖ್ಯೆ, ಅಂದರೆ ಹ್ಯಾಶ್, ಹೊರಬೀಳುತ್ತದೆ. ಅದು ನಿಗದಿತ ಗುರಿಗಿಂತ ಚಿಕ್ಕದಾಗಿದ್ದರೆ ಪುಟ ನಿಮ್ಮದು, ಬಹುಮಾನವೂ ನಿಮ್ಮದೇ. ಇಲ್ಲದಿದ್ದರೆ ತಲೆಬರಹದಲ್ಲಿನ ಸಂಖ್ಯೆ ಬದಲಿಸಿ ಮತ್ತೆ ಹಾಕಬೇಕು. ಮೈನಿಂಗ್ ಎನ್ನುವ ಈ ಕೆಲಸದಲ್ಲಿ ಜಾಣತನಕ್ಕೆ ಜಾಗವೇ ಇಲ್ಲ. ಎಸ್21 ಸೆಕೆಂಡಿಗೆ 200 ಲಕ್ಷ ಕೋಟಿ ಸಲ ಹೀಗೆ ಹಾಕಿ ನೋಡುತ್ತದೆ.

2009ರ ಜನವರಿಯಲ್ಲಿ ಮೊದಲ ಬ್ಲಾಕ್ ಹುಟ್ಟಿದಾಗ ಬಹುಮಾನ 50 ನಾಣ್ಯ. ಪ್ರತಿ 2,10,000 ಬ್ಲಾಕಿಗೆ ಅದು ಅರ್ಧವಾಗುತ್ತ, 2024ರ ಏಪ್ರಿಲ್‌ನಿಂದ 3.125ಕ್ಕೆ ಇಳಿದಿದೆ. ಯಂತ್ರಗಳು ಹೆಚ್ಚಿದರೆ ನಾಣ್ಯ ಬೇಗ ಬೇಗ ಹುಟ್ಟೀತು ಎಂದುಕೊಳ್ಳಬೇಡಿ. ಪ್ರತಿ 2,016 ಬ್ಲಾಕಿಗೊಮ್ಮೆ ಜಾಲವೇ ಗುರಿಯನ್ನು ಬಿಗಿಗೊಳಿಸಿ ಹತ್ತು ನಿಮಿಷದ ಲಯಕ್ಕೆ ತರುತ್ತದೆ.

2025ರಲ್ಲಿ ಇಡೀ ಜಗತ್ತಿನ ಯಂತ್ರಗಳ ಒಟ್ಟು ಬಲ ಇಂಥ 50 ಲಕ್ಷ ಎಸ್21ಗಳಿಗೆ ಸಮವಾಗುವಷ್ಟಕ್ಕೆ ಬಂದು ಮುಟ್ಟಿತು. ಹಾಗಾಗಿ ನಿಮ್ಮ ಒಂದು ಯಂತ್ರಕ್ಕೆ ಸರಾಸರಿ 50 ಲಕ್ಷ ಬ್ಲಾಕಿಗೊಮ್ಮೆ ಅದೃಷ್ಟ ಖುಲಾಯಿಸುತ್ತದೆ. ಬ್ಲಾಕಿಗೆ ಹತ್ತು ನಿಮಿಷದಂತೆ ಲೆಕ್ಕ ಹಾಕಿದರೆ 95 ವರ್ಷ. ಐವತ್ತು ವರ್ಷ ಕಾದ ಮೇಲೆ ಇನ್ನು ನಲವತ್ತೈದೇ ಬಾಕಿ ಎನ್ನುವಂತೆಯೂ ಇಲ್ಲ. ಯಂತ್ರಕ್ಕೆ ಹಿಂದಿನದರ ನೆನಪಿಲ್ಲ, ಆವತ್ತಿಗೂ ಸರಾಸರಿ ಕಾಯುವಿಕೆ 95 ವರ್ಷವೇ.

ಪೂಲ್ ಹುಟ್ಟಿದ್ದು ಇದಕ್ಕೇ. 2010ರ ಕೊನೆಯಲ್ಲಿ ಜೆಕ್ ದೇಶದ ಮಾರೆಕ್ ಪಲಾಟಿನುಸ್ ಮೊದಲನೆಯದನ್ನು ತೆರೆದ. ಸ್ಲಶ್ ಪೂಲ್ ಎಂದು ಹೆಸರಾಗಿದ್ದ ಅದು ಈಗ ಬ್ರೇನ್ಸ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಸಾವಿರಾರು ಜನ ಒಟ್ಟಿಗೆ ಹುಡುಕುವುದು, ಸಿಕ್ಕ ಬಹುಮಾನವನ್ನು ದುಡಿಮೆಗೆ ತಕ್ಕಂತೆ ಹಂಚಿಕೊಳ್ಳುವುದು. ಆದರೆ ಕಾಣದ ಊರಿನಲ್ಲಿ ಕುಳಿತವನು ನಿಜವಾಗಿ ದುಡಿದನೇ ಎಂದು ತಿಳಿಯುವುದು ಹೇಗೆ? ಪೂಲ್ ಒಂದು ಸಡಿಲ ಗುರಿಯನ್ನು ಕೊಡುತ್ತದೆ. ಅದನ್ನು ಮುಟ್ಟಿದ ಉತ್ತರಗಳಿಗೆ ಷೇರ್ ಎನ್ನುತ್ತಾರೆ. ಅದರಿಂದ ಬಹುಮಾನ ಬರುವುದಿಲ್ಲ, ಆದರೆ ದುಡಿಯದೆ ಅದು ಸಿಗುವುದೂ ಇಲ್ಲ. ಷೇರ್ ಎಣಿಸಿದರೆ ನಿಮ್ಮ ಯಂತ್ರದ ವೇಗ ತಾನಾಗಿ ಗೊತ್ತಾಗುತ್ತದೆ.

ಇನ್ನೊಂದು ಸಂಶಯ ಸಹಜ. ನಿಜವಾದ ಉತ್ತರ ನನ್ನ ಯಂತ್ರಕ್ಕೇ ಸಿಕ್ಕರೆ ಪೂಲಿಗೆ ಹೇಳದೆ ನಾನೇ ಏಕೆ ಇಟ್ಟುಕೊಳ್ಳಬಾರದು? ಸಾಧ್ಯವಿಲ್ಲ. ಬಹುಮಾನ ಯಾವ ವಿಳಾಸಕ್ಕೆ ಹೋಗಬೇಕೆಂಬುದು ವ್ಯವಹಾರಗಳ ಸಾರಾಂಶದೊಳಗೇ, ಅಂದರೆ ತಲೆಬರಹದೊಳಗೇ, ಬೆರೆತುಹೋಗಿರುತ್ತದೆ. ಪೂಲಿನ ವಿಳಾಸ ಅಳಿಸಿ ನಿಮ್ಮದನ್ನು ಬರೆದ ಗಳಿಗೆಯಲ್ಲೇ ಹ್ಯಾಶ್ ಬದಲಾಗಿ, ಸಿಕ್ಕ ಉತ್ತರ ಕಸವಾಗುತ್ತದೆ. ಬಿಟ್‌ಕಾಯಿನ್ನಿನ ಬಗ್ಗೆ ಎಷ್ಟೇ ಬೇಸರವಿರುವವರೂ ಈ ಒಂದು ಉಪಾಯಕ್ಕೆ ತಲೆದೂಗಲೇಬೇಕು.

ಪೂಲ್ ಆರಿಸುವಾಗ ಮುಖ್ಯವಾಗಿ ನೋಡಬೇಕಾದ್ದು ಹಂಚಿಕೆಯ ಪದ್ಧತಿ. ದೊಡ್ಡಬಳ್ಳಾಪುರದ ಮಗ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾಲೀಕರಿಂದ ನೂಲು ತಂದು ಕೂಲಿಗೆ ನೇಯುವವರಿಗೆ ಸೀರೆಗಿಷ್ಟು ಎಂದು ಕೂಲಿ ಬರುತ್ತದೆ. ಸೀರೆ ಮಾರಾಟವಾಯಿತೋ ಇಲ್ಲವೋ ಮಾಲೀಕರ ತಲೆನೋವು. ಎಫ್‌ಪಿಪಿಎಸ್ ಪದ್ಧತಿಯ ಪೂಲ್ ಹೀಗೆ. ಬ್ಲಾಕ್ ಸಿಗಲಿ ಬಿಡಲಿ, ಷೇರಿಗಿಷ್ಟು ಎಂದು ಕೊಡುತ್ತದೆ. ಆ ಅಪಾಯ ಹೊತ್ತದ್ದಕ್ಕಾಗಿ ಕಮಿಷನ್ ಹೆಚ್ಚು. ಪಿಪಿಎಲ್‌ಎನ್‌ಎಸ್ ಪದ್ಧತಿಯಲ್ಲಾದರೆ ಬ್ಲಾಕ್ ಸಿಕ್ಕಾಗ ಮಾತ್ರ ಹಂಚಿಕೆ, ಅದೂ ಇತ್ತೀಚಿನ ಷೇರುಗಳಿಗೆ. ಕಮಿಷನ್ ಕಡಿಮೆ, ಆದಾಯ ಏರುಪೇರು. ಪದೇ ಪದೇ ಕರೆಂಟ್ ಹೋಗುವ ಹಳ್ಳಿಯವರಿಗೆ ಎರಡನೆಯದು ಹೊಂದುವುದಿಲ್ಲ. ಕರೆಂಟ್ ಇಲ್ಲದ ಹೊತ್ತಿನಲ್ಲಿ ನಿಮ್ಮ ಷೇರುಗಳು ಹಳತಾಗಿ ಲೆಕ್ಕದಿಂದ ಜಾರುತ್ತವೆ. ಎಷ್ಟು ಸೇರಿದ ಮೇಲೆ ಹಣ ಕಳಿಸುತ್ತಾರೆ ಎಂಬುದನ್ನೂ ಮೊದಲೇ ನೋಡಬೇಕು. ಮಿತಿ ದೊಡ್ಡದಿದ್ದರೆ ಸಣ್ಣವರ ದುಡ್ಡು ತಿಂಗಳುಗಟ್ಟಲೆ ಅಲ್ಲೇ ಕುಳಿತಿರುತ್ತದೆ. ಪೂಲ್ ದೊಡ್ಡದಿದ್ದಷ್ಟೂ ಒಳ್ಳೆಯದು ಎನ್ನುವುದಕ್ಕೂ ಒಂದು ಎಲ್ಲೆ ಇದೆ. 2014ರಲ್ಲಿ ಜಿಹ್ಯಾಶ್ ಎಂಬ ಒಂದೇ ಪೂಲ್ ಇಡೀ ಜಾಲದ ಅರ್ಧ ಬಲವನ್ನು ದಾಟಿದಾಗ ಎಲ್ಲರೂ ಗಾಬರಿಯಾದರು. ಅರ್ಧಕ್ಕಿಂತ ಹೆಚ್ಚು ಬಲ ಇರುವವನು ಲೆಕ್ಕದ ಪುಸ್ತಕದ ಇತ್ತೀಚಿನ ಪುಟಗಳನ್ನೇ ತಿದ್ದಿ ಬರೆಯಬಲ್ಲ.

ಇಷ್ಟೆಲ್ಲ ಆದರೂ ಪೂಲ್ ಸರಿಪಡಿಸುವುದು ಅದೃಷ್ಟವನ್ನು ಮಾತ್ರ, ಲೆಕ್ಕವನ್ನಲ್ಲ. ಲೆಕ್ಕ ಹೀಗಿದೆ. ದಿನಕ್ಕೆ ಹುಟ್ಟುವುದು 450 ನಾಣ್ಯ. ಅದರಲ್ಲಿ 50 ಲಕ್ಷದ ಒಂದು ಪಾಲು ನಿಮ್ಮದು, ತಿಂಗಳಿಗೆ 0.0027 ನಾಣ್ಯ. ನಾಣ್ಯದ ಬೆಲೆ 80 ಲಕ್ಷ ಎಂದಿಟ್ಟುಕೊಂಡರೆ 21,600 ರೂಪಾಯಿ. ಇನ್ನು ಬಿಲ್. 2025-26ರಲ್ಲಿ ಮನೆ ಬಳಕೆಯ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಸರ್‌ಚಾರ್ಜ್, ತೆರಿಗೆ, ನಿಗದಿತ ಶುಲ್ಕ ಸೇರಿ 2,520 ಯೂನಿಟ್‌ಗೆ 17 ಸಾವಿರದ ಆಸುಪಾಸು. ನಾಲ್ಕು ಸಾವಿರ ಉಳಿಯಿತಲ್ಲ ಎಂದು ಹಿಗ್ಗುವ ಮೊದಲು 2022ರ ಬಜೆಟ್ ನೆನಪಿರಲಿ. ಕ್ರಿಪ್ಟೊ ಲಾಭಕ್ಕೆ ಶೇ. 30 ತೆರಿಗೆ, ಮೇಲೆ ಸೆಸ್. ಕೊಂಡ ಬೆಲೆಯ ಹೊರತು ಯಾವ ಖರ್ಚನ್ನೂ ಕಳೆಯುವಂತಿಲ್ಲ. ಮೈನಿಂಗ್ ಮಾಡಲು ಹಾಕಿದ ಯಂತ್ರ, ಸಲಕರಣೆಗಳ ಖರ್ಚನ್ನು ಕೊಂಡ ಬೆಲೆ ಎಂದು ಪರಿಗಣಿಸುವುದಿಲ್ಲ ಎಂದು ಹಣಕಾಸು ಸಚಿವಾಲಯ ಅದೇ ವರ್ಷ ಸಂಸತ್ತಿಗೆ ತಿಳಿಸಿತು. ಪೂರ್ತಿ ಆದಾಯದ ಮೇಲೆ ತೆರಿಗೆ ಬಿದ್ದರೆ ಉಳಿಯುವುದು 15 ಸಾವಿರಕ್ಕೂ ಕಡಿಮೆ, ಬೆಸ್ಕಾಂಗೆ ಕಟ್ಟುವುದಕ್ಕೂ ಸಾಲದು. ಯಂತ್ರಕ್ಕೆ ಸುರಿದ ಲಕ್ಷಗಳು ಈ ಲೆಕ್ಕದೊಳಗೆ ಬಂದೇ ಇಲ್ಲ.

ಮಗ್ಗದ ರಿಯಾಯಿತಿ ಕರೆಂಟೋ ಪಂಪ್‌ಸೆಟ್ಟಿನ ಉಚಿತ ಕರೆಂಟೋ ಬಳಸಿಕೊಂಡರಾಯಿತು ಎಂಬ ಯೋಚನೆ ಯಾರಿಗಾದರೂ ಬಂದರೆ, 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಓದಿಕೊಳ್ಳಲಿ. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಿದರೆ ದರದ ಎರಡು ಪಟ್ಟು ವಸೂಲಿ. ಸೋಲಾರ್ ಹಾಕುವುದಾದರೆ ದಿನಕ್ಕೆ 84 ಯೂನಿಟ್‌ಗೆ ನಮ್ಮ ಬಿಸಿಲಿನಲ್ಲಿ ಸುಮಾರು 21 ಕಿಲೋವ್ಯಾಟ್ ಪ್ಯಾನೆಲ್ ಬೇಕು. ಅಷ್ಟು ಬಂಡವಾಳ ಇದ್ದವರಿಗೆ ಬಿಟ್‌ಕಾಯಿನ್ ಗೊಡವೆ ಏಕೆ?

ಕೂರಿಸುವ ಕೆಲಸವೂ ಸಲೀಸಲ್ಲ. 230 ವೋಲ್ಟಿನಲ್ಲಿ ಯಂತ್ರ 15 ಆಂಪಿಯರ್ ಎಳೆಯುತ್ತದೆ. ಗೀಸರ್ ಸಾಕೆಟ್ಟಿನ ಅಂಚು ಅದು. ಗೀಸರ್ ಅರ್ಧ ಗಂಟೆಗೆ ಆರುತ್ತದೆ, ಇದು ಆರುವುದೇ ಇಲ್ಲ. ಪ್ರತ್ಯೇಕ ದಪ್ಪ ತಾಮ್ರದ ತಂತಿ, ಪ್ರತ್ಯೇಕ ಎಂಸಿಬಿ, ಒಳ್ಳೆಯ ಅರ್ಥಿಂಗ್ ಬೇಕು. ಮನೆಯ ಲೋಡ್ ಹೆಚ್ಚಿಸಿಕೊಳ್ಳಲು ಬೆಸ್ಕಾಂಗೆ ಅರ್ಜಿಯನ್ನೂ ಹಾಕಬೇಕು. ಎಳೆದ ಕರೆಂಟೆಲ್ಲ ಕೊನೆಗೆ ಶಾಖವೇ. ಒಂದು ಟನ್ ಏಸಿ ಕೋಣೆಯಿಂದ ಹೊರಹಾಕುವ ಶಾಖವೂ ಹೆಚ್ಚುಕಡಿಮೆ ಮೂರೂವರೆ ಕಿಲೋವ್ಯಾಟ್. ಮುಚ್ಚಿದ ಕೋಣೆಯಲ್ಲಿಟ್ಟರೆ ಏಸಿಯ ಬಿಲ್ಲೂ ಸೇರಿತು. ಫಿನ್ಲೆಂಡಿನಂಥ ಚಳಿ ದೇಶದಲ್ಲಿ ಈ ಶಾಖದಿಂದ ಊರಿನ ಮನೆಗಳನ್ನು ಬೆಚ್ಚಗಿಡುತ್ತಾರೆ. ನಮ್ಮಲ್ಲಿ ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ರೇಷ್ಮೆಗೂಡು ಬೇಯಿಸಲು ಬಳಸಬಹುದಲ್ಲ ಎನಿಸಬಹುದು. ಗೂಡಿಗೆ ಕುದಿಯುವಷ್ಟು ಬಿಸಿ ನೀರು ಬೇಕು, ಯಂತ್ರದ ಗಾಳಿ ಅಷ್ಟು ಬಿಸಿಯಿಲ್ಲ.

ಯಂತ್ರದ ಗೋಜೇ ಬೇಡ, ದುಡ್ಡು ಹಾಕಿ, ನಿಮ್ಮ ಪರವಾಗಿ ನಾವೇ ಮೈನಿಂಗ್ ಮಾಡುತ್ತೇವೆ ಎಂದು ಬರುವವರು ಇನ್ನೂ ಅಪಾಯ. ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆ 18 ತಿಂಗಳು, ತಿಂಗಳಿಗೆ ಶೇ. 10ರಂತೆ ಕೊಡುವುದಾಗಿ ದೇಶದ ತುಂಬ ಹಣ ಎತ್ತಿತು. ಅದರ ರೂವಾರಿ ಅಮಿತ್ ಭಾರದ್ವಾಜ್ 2018ರಲ್ಲಿ ಬಂಧನಕ್ಕೊಳಗಾದರು, 2022ರಲ್ಲಿ ತೀರಿಕೊಂಡರು. ಪ್ರಕರಣ ಸಿಬಿಐಗೆ ಹೋಗಿ, 2025ರ ಫೆಬ್ರುವರಿಯಲ್ಲಿ ಬೆಂಗಳೂರೂ ಸೇರಿ ಹಲವು ಊರುಗಳಲ್ಲಿ ಶೋಧ ನಡೆಯಿತು. ಪ್ರತಿ 2,016 ಬ್ಲಾಕಿಗೊಮ್ಮೆ ಗುರಿ ಬದಲಾಗುವ ಆಟದಲ್ಲಿ ಇಂತಿಷ್ಟೇ ಆದಾಯ ಎಂದು ಯಾರೂ ಬರೆದುಕೊಡಲಾರರು. ಇದನ್ನು ತಿಳಿದವರು ಆ ಬಲೆಗೆ ಬೀಳುತ್ತಿರಲಿಲ್ಲ.

ತಿಳಿಯುವ ಆಸೆ ಇದ್ದರೆ ಅಗ್ಗದ ದಾರಿಯೂ ಇದೆ. ಬಿಟ್‌ಆಕ್ಸ್ ಎಂಬ, ವಿನ್ಯಾಸವೆಲ್ಲ ಬಹಿರಂಗವಾಗಿರುವ ಅಂಗೈಯಗಲದ ಬೋರ್ಡ್ ಸುಮಾರು 17 ವ್ಯಾಟ್‌ನಲ್ಲಿ ಓಡುತ್ತದೆ. ತಿಂಗಳಿಗೆ 12 ಯೂನಿಟ್, ನೂರು ರೂಪಾಯಿಯೊಳಗೆ. ವೈಫೈಗೆ ಸೇರಿಸಿ, ಪೂಲಿನ ವಿಳಾಸ, ಪೋರ್ಟ್ ಸಂಖ್ಯೆ, ನಿಮ್ಮ ವಾಲೆಟ್ಟಿನ ವಿಳಾಸ ತುಂಬಿದರೆ ಸಣ್ಣ ಪರದೆಯ ಮೇಲೆ ಷೇರುಗಳು ಒಂದೊಂದಾಗಿ ಬೀಳುವುದನ್ನು ಕಾಲೇಜು ಹುಡುಗರೂ ಕೂತು ನೋಡಬಹುದು. ಅದೇ ಬೋರ್ಡು ಒಂಟಿಯಾಗಿ ಒಂದು ಬ್ಲಾಕ್ ಹಿಡಿಯಲು ಬೇಕಾದ ಸರಾಸರಿ ಕಾಲ ಸುಮಾರು 16 ಸಾವಿರ ವರ್ಷ.